ಹಿತ್ತಲ ದಿಬ್ಬದಲ್ಲಿ ಅವ್ವನ ಬಾಣಂತನ

ಹೇವರ್ಡಿನ ಗುಡ್ಡದ ಮೇಲೆ ನಾವು ಬಾಡಿಗೆಗಿದ್ದ ಮನೆಯ ಹಿತ್ತಲಲ್ಲಿ ಒಂದು ಗೋರಿ ಇತ್ತು. ಅದರಲ್ಲಿ ಯಾರನ್ನೂ ಹೂಳಿರಲಿಲ್ಲ. ಮನೆಯ ಮಾಲೀಕ ಲಾರ್ಸೆನ್ ಅಜ್ಜ ಡೆನ್ಮಾರ್ಕಿನವನು. ಹೆಂಡತಿ ತೀರಿಕೊಂಡ ಮೇಲೆ ಮುಂದಿನ ದೊಡ್ಡ ಮನೆಯಲ್ಲಿ ಒಬ್ಬನೇ ಇದ್ದ. ಹಿಂದಿನ ಸಣ್ಣ ಮನೆಯಲ್ಲಿ ಅಪ್ಪ, ಅವ್ವ, ನಾನು. ಎರಡು ಮನೆಗಳ ನಡುವೆ, ನಿಂಬೆಗಿಡದ ಆಚೆ, ಮೈತುಂಬ ಹುಲ್ಲು ಬೆಳೆದ ದಿಬ್ಬ. ಅಜ್ಜ ಹುಟ್ಟಿ ಬೆಳೆದ ಊರಿನಲ್ಲಿ ಅವರ ಹೊಲದ ನಡುವೆ ಇಂಥದೇ ಒಂದು ದಿಬ್ಬವಿತ್ತಂತೆ. ಐದು ಸಾವಿರ ವರ್ಷದ ಹಿಂದೆ ಅಲ್ಲಿ ಬೇಸಾಯ ಮಾಡುತ್ತಿದ್ದವರು ತಮ್ಮ ಸತ್ತವರಿಗಾಗಿ ಕಟ್ಟಿದ್ದು. ಅವನ ಅಪ್ಪ, ಅಪ್ಪನ ಅಪ್ಪ ಎಲ್ಲರೂ ಅದರ ಸುತ್ತ ನೇಗಿಲು ಹೊಡೆದರೇ ಹೊರತು ಒಂದು ಕಲ್ಲನ್ನೂ ಕೀಳಲಿಲ್ಲ. ರಿಟೈರಾದ ಮೇಲೆ ಅಜ್ಜ ಆ ದಿಬ್ಬದ ಅಳತೆ ತರಿಸಿಕೊಂಡು ಆರು ಬೇಸಿಗೆ ಹಿಡಿದು ಇದನ್ನು ಕಟ್ಟಿದ್ದ. ದಪ್ಪ ಕಲ್ಲುಗಳನ್ನು ದುಂಡಗೆ ನಿಲ್ಲಿಸಿ, ಮೇಲೆ ಎರಡು ಬಂಡೆ ಹೊದಿಸಿ, ಸಂದುಗಳಿಗೆ ಚಪ್ಪಟೆ ಕಲ್ಲು ತುರುಕಿ, ಹೊರಗಿನಿಂದ ಜೇಡಿಮಣ್ಣು ಮೆತ್ತಿ, ಕೊನೆಗೆ ಎಲ್ಲವನ್ನೂ ಮಣ್ಣಿನಲ್ಲಿ ಮುಚ್ಚಿದ್ದ. ಒಳಗೆ ಹೋಗಲು ಇದ್ದದ್ದು ಒಂದೇ ದಾರಿ, ಮಂಡಿಯೂರಿ ತೆವಳಬೇಕಾದ ಒಂದು ಕಲ್ಲಿನ ಓಣಿ. ಎಂಥ ಮಳೆಗೂ ಒಳಗೆ ಒಂದು ಹನಿ ಬೀಳುವುದಿಲ್ಲ, ಹಳೆಯ ಕಾಲದವರ ಕೆಲಸವೇ ಹಾಗೆ ಎಂದು ಅಜ್ಜ ಬಂದವರಿಗೆಲ್ಲ ಹೇಳುತ್ತಿದ್ದ. ಅದು ನಿಜ. ಮಳೆ ನಿಂತ ಮೇಲೂ ನಾನು ಒಳಗೆ ಹೋಗಿ ನೆಲ ಮುಟ್ಟಿ ನೋಡಿದ್ದೇನೆ. ಒಣಗಿರುತ್ತಿತ್ತು.

ನನಗೆ ಒಂಬತ್ತು ವರ್ಷವಿದ್ದಾಗ ಅವ್ವ ಎರಡನೆಯ ಸಲ ಬಸುರಾದಳು. ಬಾಣಂತನಕ್ಕೆ ಅವಳ ತಾಯಿ, ನನ್ನ ಆಯಿ, ಗಂಗಾವತಿ ಕಡೆಯ ಹಳ್ಳಿಯಿಂದ ಒಬ್ಬಳೇ ವಿಮಾನ ಹತ್ತಿ ಬಂದಳು. ಅವಳ ಎರಡು ಸೂಟ್‌ಕೇಸುಗಳಲ್ಲಿ ಬಟ್ಟೆ ಕಡಿಮೆ. ಅಳವಿ ಬೀಜ, ಅಂಟು, ಉತ್ತತ್ತಿ, ಕೊಬ್ಬರಿ ಬಟ್ಟಲು, ಹೊದೆಯಲು ತಾನೇ ಹೊಲಿದ ಎರಡು ದಪ್ಪ ಕೌದಿ, ಮತ್ತೆ ಹಳೆಯ ಸೀರೆಯಲ್ಲಿ ಸುತ್ತಿದ ಕಬ್ಬಿಣದ ಅಗ್ಗಿಷ್ಟಿಗೆ. ವಿಮಾನ ನಿಲ್ದಾಣದಲ್ಲಿ ಅದನ್ನು ಬಿಚ್ಚಿಸಿ ಇದೇನೆಂದು ಕೇಳಿದರಂತೆ. ಬಾಣಂತಿ ಒಲಿ ಅಂತ ಕನ್ನಡದಲ್ಲೇ ಹೇಳಿದೆ, ಬಿಟ್ಟರು ಎಂದಳು. ಮಾರನೆಯ ದಿನ ಬೆಳಿಗ್ಗೆ ಹಿತ್ತಲಿಗೆ ಬಂದವಳು ದಿಬ್ಬವನ್ನು ಒಂದು ಸುತ್ತು ಹಾಕಿ, ಸೆರಗು ಸಿಕ್ಕಿಸಿಕೊಂಡು, ಓಣಿಯಲ್ಲಿ ತೆವಳಿ ಒಳಗೆ ಹೋಗಿ ಬಂದಳು. ಅವಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

“ಇದು ಮೋರೇರ ಮನಿ. ನಮ್ಮ ಗುಡ್ಡದ ಮ್ಯಾಲೆ ಸಾಲಕ ಸಾಲ ಅದಾವ. ಇಲ್ಲಿಗ್ಯಾವಾಗ ಬಂದ್ರು ಅವರು?”

ಮೋರೇರು ಎಂದರೆ ಮೂರಡಿ ಎತ್ತರದ ಜನ. ಬೆಂಕಿ ಮಳೆ ಬರುತ್ತದೆ ಎಂದು ಹೆದರಿ ಕಲ್ಲುಚಪ್ಪಡಿಯ ಮನೆ ಕಟ್ಟಿಕೊಂಡು ಒಳಗೆ ಕೂತರು, ಅಲ್ಲೇ ಸತ್ತರು. ಆಯಿಯ ಊರಿನ ಕಥೆ ಅದು. ಅಪ್ಪ ಅದನ್ನು ಇಂಗ್ಲಿಷಿಗೆ ತಿರುಗಿಸಿ ಅಜ್ಜನಿಗೆ ಹೇಳಿದ. ಅಜ್ಜ ತನ್ನ ಊರಿನ ಗೋರಿಯಲ್ಲಿ ಒಂದೇ ಕಡೆ ಎಷ್ಟೋ ತಲೆಮಾರಿನವರ ಮೂಳೆ ಸಿಕ್ಕಿದ್ದನ್ನು, ಹೊಸಬರು ಸತ್ತಾಗ ಹಳಬರ ಮೂಳೆಯನ್ನು ಮೂಲೆಗೆ ಸರಿಸಿ ಜಾಗ ಮಾಡುತ್ತಿದ್ದುದನ್ನು ಹೇಳಿದ. ಅಪ್ಪ ಅದನ್ನು ಕನ್ನಡಕ್ಕೆ ತಿರುಗಿಸಿದ. ಹಂಗಾರ ಒಂದ ಮನಿತನದ್ದು ಎಂದಳು ಆಯಿ, ಅಷ್ಟೇ. ಅಂದಿನಿಂದ ಅವರಿಬ್ಬರೂ ಅಪ್ಪನ ಸಹಾಯವಿಲ್ಲದೆ ಮಾತಾಡಿಕೊಳ್ಳತೊಡಗಿದರು. ಅವಳು ಕನ್ನಡದಲ್ಲಿ, ಅವನು ತನಗೆ ತೋಚಿದ್ದರಲ್ಲಿ. ಅಂಟಿನ ಉಂಡಿ ಮಾಡಿದ ದಿನ ಅವನ ತಟ್ಟೆಗೂ ಎರಡು ಬೀಳುತ್ತಿದ್ದವು. ಹಲ್ಲಿಲ್ಲದ ಮುದುಕ, ಚೀಪಿಕೋತ ಕುಂಡ್ರಲಿ, ಹೊತ್ತು ಹೋಗತೈತಿ ಎನ್ನುತ್ತಿದ್ದಳು.

ತಂಗಿ ಹುಟ್ಟಿದ್ದು ಚಳಿಗಾಲದ ರಜೆಗೆ ಸ್ವಲ್ಪ ಮೊದಲು. ಸ್ಮಿತಾ ಎಂದು ಹೆಸರಿಟ್ಟರು. ಮನೆಯ ಒಂದು ಕೋಣೆ ಬಾಣಂತಿ ಕೋಣೆಯಾಯಿತು. ಆಯಿ ಕಿಟಕಿಗೆ ಸೀರೆ ಕಟ್ಟಿದಳು, ಬಾಗಿಲ ಕೆಳಗಿನ ಸಂದಿಗೆ ಟವೆಲು ತುರುಕಿದಳು, ಅವ್ವನ ತಲೆಗೆ ಕಿವಿ ಮುಚ್ಚುವ ಹಾಗೆ ಬಟ್ಟೆ ಬಿಗಿದಳು. ಅಡುಗೆಮನೆಯಿಂದ ಬೆಳಿಗ್ಗೆ ಅಳವಿ ಪಾಯಸದ ವಾಸನೆ, ಮಧ್ಯಾಹ್ನ ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿಯ ವಾಸನೆ. ನನಗೂ ಅದೇ ಊಟ. ಸಬ್ಬಸಿಗೆ ಪಲ್ಯ, ಬಿಸಿ ರೊಟ್ಟಿ, ಖಾರವಿಲ್ಲದ ಸಾರು. ಅವ್ವನಿಗೆ ಸೊಂಟ ನೋವು, ಕಾಲು ಸದಾ ತಣ್ಣಗೆ. ಊರಿನಲ್ಲಾದರೆ ಬಾಣಂತಿಯ ಮಂಚದ ಕೆಳಗೆ ದಿನಾ ಕೆಂಡವಿಟ್ಟು ಮೈ ಕಾಸುತ್ತಾರೆ, ಕೂಸಿಗೆ ಲೋಬಾನದ ಹೊಗೆ ಹಾಕುತ್ತಾರೆ. ಆಯಿ ಅದಕ್ಕೇ ಬಂದವಳು. ಮೊದಲ ದಿನ ಅಗ್ಗಿಷ್ಟಿಗೆ ಹೊತ್ತಿಸುತ್ತಿದ್ದಂತೆ ಚಾವಣಿಗೆ ಹಾಕಿದ್ದ ಹೊಗೆಯ ಅಲಾರಮು ಕಿರುಚಿಕೊಂಡಿತು. ಎರಡನೆಯ ದಿನವೂ ಕಿರುಚಿತು. ಮೂರನೆಯ ದಿನ ಆಯಿ ಅದಕ್ಕೆ ಒದ್ದೆ ಬಟ್ಟೆ ಕಟ್ಟಿದಳು. ಸಂಜೆ ಸ್ಯಾನ್ ರಮೋನಿನ ಆಫೀಸಿನಿಂದ ಬಂದ ಅಪ್ಪ ತಲೆಯೆತ್ತಿ ಆ ಬಟ್ಟೆ ನೋಡಿದ.

“ಅತ್ತಿ, ಈ ಮನ್ಯಾಗ ಬೆಂಕಿ ಹಚ್ಚಬ್ಯಾಡ್ರಿ. ಮನಿ ನಮ್ಮದಲ್ಲ. ಹೀಟರ್ ಐತಲ್ಲ.”

“ಹೀಟರ್ ಗ್ವಾಡಿ ಕಾಸತೈತಿ, ಮೈ ಕಾಸೂದಿಲ್ಲ. ನಿಮ್ಮ ದೇಶದಾಗ ಬಾಣಂತಿನ್ನ ಫ್ರಿಜ್ಜಿನ್ಯಾಗ ಇಡತಾರೇನ್ರಿ?”

ಅಪ್ಪನಿಗೆ ನಗು ಬಂತು, ಆದರೆ ಬಟ್ಟೆ ಬಿಚ್ಚಿದ, ಅಗ್ಗಿಷ್ಟಿಗೆಯನ್ನು ಒಯ್ದು ಗರಾಜಿನಲ್ಲಿಟ್ಟ. ಎರಡು ದಿನ ಆಯಿ ಅವನ ತಟ್ಟೆಗೆ ರೊಟ್ಟಿ ಹಾಕಿದಳು, ಮಾತು ಹಾಕಲಿಲ್ಲ. ಕೋಣೆಯೊಳಗೆ ಅವ್ವ ಅವಳಿಗೂ ಸಮಾಧಾನ ಹೇಳಬೇಕು, ಅಪ್ಪನಿಗೂ ಹೇಳಬೇಕು. ಬಿಡವ್ವಾ, ಸಾಕು ಎಂದು ಒಮ್ಮೆ ಅಂದಳು. ಅದಕ್ಕೆ ಆಯಿ, ನಿನ್ನ ಸೊಂಟ ಹಿಂಗ ಬಿಟ್ಟು ಹ್ವಾದ್ರ ನಾ ಯಾಕ ಬಂದಂಗಾತು ಎಂದು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ಎರಡು ದಿನ ಕಳೆದ ಮೇಲೆ ಅವಳಿಗೆ ದಿಬ್ಬ ಕಂಡಿತು. ಅಂದರೆ, ಅವಳು ದಿನಾ ನೋಡುತ್ತಿದ್ದುದೇ ಬೇರೆ ರೀತಿ ಕಂಡಿತು. ಕತ್ತಲೆ ಕೋಣೆ, ಗಾಳಿಯಿಲ್ಲ, ಅಲಾರಮು ಇಲ್ಲ. ಅದು ಗೋರಿಯಲ್ಲವಾ ಎಂದು ಅವ್ವ ಹಿಂಜರಿದಳು. ಯಾರನ್ನೂ ಹೂಳದ ಮೇಲೆ ಅದೆಂಥ ಗೋರಿ, ಹೊಸಾ ಮನಿ ಇದ್ದಂಗ ಎಂದಳು ಆಯಿ. ತಾನು ಹುಡುಗಿಯಾಗಿದ್ದಾಗ ಕುರಿ ಕಾಯುವವರ ಹೆಣ್ಣುಮಗಳೊಬ್ಬಳು ಮಳೆಗೆ ಸಿಕ್ಕು ಮೋರೇರ ಮನೆಯೊಳಗೇ ಹಡೆದಳಂತೆ, ಅಲ್ಲೇ ಬೆಂಕಿ ಕಾಸಿಕೊಂಡಳಂತೆ, ತಾಯಿ ಮಗು ಎರಡೂ ಗಟ್ಟಿಮುಟ್ಟಾಗಿದ್ದವಂತೆ. ಅವ್ವ ಇಂಜಿನಿಯರಿಂಗ್ ಓದಿದವಳು. ಆದರೂ ಒಪ್ಪಿದಳು. ನಿದ್ದೆಗೆಟ್ಟ ಹೆಂಗಸು ತಾಯಿಯ ಮಾತಿಗೆ ಒಪ್ಪುವುದು ಹೇಗೆ ಎಂಬುದು ನನಗೆ ಈಗ ಗೊತ್ತಿದೆ. ಅಪ್ಪನಿಗೆ ಹೇಳುವುದು ಬೇಡವೆಂದಾಯಿತು. ಲಾರ್ಸೆನ್ ಅಜ್ಜ ಮಧ್ಯಾಹ್ನ ಊಟವಾದ ಮೇಲೆ ಎರಡು ತಾಸು ಗುಡ್ಡದ ಮೇಲೆ ಅಡ್ಡಾಡಲು ಹೋಗುತ್ತಿದ್ದ. ಆ ಹೊತ್ತೇ ಸರಿಯಾಯಿತು.

ಗರಾಜಿನಲ್ಲಿ ಅಪ್ಪ ಬೇಸಿಗೆಯ ಬಾರ್ಬೆಕ್ಯೂಗೆ ತಂದ ಇದ್ದಲಿಯ ದೊಡ್ಡ ಚೀಲವಿತ್ತು. ಆಯಿ ಅದನ್ನು ಅಗ್ಗಿಷ್ಟಿಗೆಗೆ ತುಂಬಿ ನಿಂಬೆಗಿಡದ ಕೆಳಗೆ ಹೊತ್ತಿಸುತ್ತಿದ್ದಳು. ಹೊಗೆ ಪೂರಾ ಹೋಗಿ ಕೆಂಡ ಕೆಂಪಾಗುವವರೆಗೂ ಬೀಸಣಿಗೆ ಹಿಡಿದು ಕಾಯುತ್ತಿದ್ದಳು. ಹೊಗೆಯಲ್ಲಿ ಕೇಡು, ಕೆಂಡದಲ್ಲಿ ಇಲ್ಲ. ಅವಳ ತಾಯಿ ಅವಳಿಗೆ ಕಲಿಸಿದ್ದು ಅದು, ಅವಳಿಂದ ನಾನು ಕಲಿತದ್ದೂ ಅದೇ. ಆಮೇಲೆ ಅಗ್ಗಿಷ್ಟಿಗೆಯನ್ನು ಓಣಿಯಲ್ಲಿ ತಳ್ಳಿಕೊಂಡು ಒಳಗೆ ಹೋಗಿ ಅಪ್ಪನ ಮಡಚುವ ಕ್ಯಾಂಪಿಂಗ್ ಮಂಚದ ಕೆಳಗೆ ಇಡುತ್ತಿದ್ದಳು. ಅವ್ವ ಕೂಸನ್ನು ಪಕ್ಕಕ್ಕೆ ಹಾಕಿಕೊಂಡು ಅರ್ಧ ತಾಸು ಮಲಗುತ್ತಿದ್ದಳು, ಆಯಿ ಕಾಲ ಹತ್ತಿರ ಕೂಡುತ್ತಿದ್ದಳು. ನನ್ನ ಕೆಲಸ ಹೊರಗೆ ಕೂತು ಕಾಯುವುದು. ಇದ್ದಲಿ ಚೀಲದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದ್ದನ್ನು ನಾನು ಓದಿದ್ದೆ. ಮನೆಯೊಳಗೆ ಹೊತ್ತಿಸಬಾರದು, ಸಾವು ಬರಬಹುದು ಎಂದಿತ್ತು. ದಿಬ್ಬ ಹಿತ್ತಲಲ್ಲಿದೆ, ಮನೆಯೊಳಗಲ್ಲ ಎಂದುಕೊಂಡೆ. ಐದಾರು ದಿನ ಹೀಗೆ ನಡೆಯಿತು. ಅವ್ವನ ಸೊಂಟ ನೋವು ನಿಜಕ್ಕೂ ಕಡಿಮೆಯಾಯಿತು. ತಲೆನೋವು ಶುರುವಾಯಿತು. ನಿದ್ದೆಯಿಲ್ಲದ್ದಕ್ಕೆ ಎಂದಳು ಅವ್ವ. ಆಯಿಗೂ ತಲೆನೋವು. ಅವಳು ವಯಸ್ಸಿನ ಮೇಲೆ ಹಾಕಿದಳು.

ಆ ದಿನ ಬೆಳಿಗ್ಗೆ ಮಳೆ ಬಂದು ನಿಂತಿತ್ತು, ಗಾಳಿ ನಿಂತಿರಲಿಲ್ಲ. ಓಣಿಯ ಬಾಯಿ ಗಾಳಿಯ ಕಡೆಗೇ ಇತ್ತು. ಅವ್ವ ಮತ್ತು ಕೂಸು ಒಳಗೆ ಮಲಗಿದ ಮೇಲೆ ಆಯಿ ತೆವಳಿ ಹೊರಗೆ ಬಂದಳು. ತಲೆ ಸಿಡಿಯುತ್ತಿದೆ, ಇವತ್ತು ಒಳಗೆ ಕೂಡುವುದಿಲ್ಲ, ಒಲೆಯ ಮೇಲೆ ಕೂಸಿನ ನೀರಿದೆ ಎಂದಳು. ಮನೆಯಿಂದ ಕೌದಿ ತಂದು ನನ್ನ ಕೈಗೆ ಕೊಟ್ಟಳು. ನಾನೇ ಅದನ್ನು ಓಣಿಯ ಬಾಯಿಗೆ ಇಳಿಬಿಟ್ಟು ಮೇಲಿನ ಅಂಚನ್ನು ಎರಡು ಕಲ್ಲಿನಿಂದ, ಕೆಳಗಿನ ಅಂಚನ್ನು ನಾಲ್ಕು ಕಲ್ಲಿನಿಂದ ಒತ್ತಿದೆ. ಗಾಳಿಗೆ ಒಂದು ಮೂಲೆ ಎದ್ದಿತು, ಅದಕ್ಕೆ ಇನ್ನೊಂದು ಕಲ್ಲು ಇಟ್ಟೆ. ಒಟ್ಟು ಏಳು. ಆಯಿ ನೋಡಿ, ಛಲೋ ಆತು ಎಂದಳು.

“ಇಲ್ಲೇ ಕುಂದರು. ಕೂಸು ಅತ್ತರ ನನ್ನ ಕೂಗು. ಅಳದಿದ್ರ ಬ್ಯಾಡ, ಮಲಗಲಿ.”

ನಾನು ಲೈಬ್ರರಿ ಪುಸ್ತಕ ತೆಗೆದೆ. ಸ್ವಲ್ಪ ಹೊತ್ತಿಗೆ ಕೂಸು ಅತ್ತಿತು. ಜೋರಾಗಲ್ಲ, ಬೆಕ್ಕಿನ ಮರಿಯ ಹಾಗೆ, ಎಳೆದು ಎಳೆದು. ಅವ್ವ ಏನೋ ಅಂದದ್ದು ಕೇಳಿಸಿತು. ಆಯಿಯನ್ನು ಕೂಗಬೇಕಿತ್ತು. ಪುಟದ ಕೊನೆಗೆ ಬರಲಿ, ಕೂಗುತ್ತೇನೆ ಎಂದುಕೊಂಡೆ. ಪುಟದ ಕೊನೆಗೆ ಬರುವುದರೊಳಗೆ ಅಳು ನಿಂತಿತು. ಸಾವಕಾಶವಾಗಿ ತಗ್ಗಿ ನಿಂತದ್ದಲ್ಲ. ಒಂದು ಅಳುವಿನ ನಡುವೆಯೇ ನಿಂತಿತು. ಅದು ನನ್ನ ಗಮನಕ್ಕೆ ಬಂತು. ಎರಡು ವಾರದಿಂದ ಆ ಅಳು ಕೇಳಿ ಸಾಕಾಗಿತ್ತು ನನಗೆ. ಹಾಯೆನಿಸಿತು. ಅಳದಿದ್ದರೆ ಕೂಗಬೇಡ ಎಂದು ಆಯಿಯೇ ಹೇಳಿದ್ದಳಲ್ಲ. ಓದುತ್ತಾ ಕೂತೆ. ಅಳು ನಿಂತಾಗ ನಾನು ಯಾವ ಪುಟದಲ್ಲಿದ್ದೆ, ಅಜ್ಜ ಬಂದಾಗ ಯಾವ ಪುಟದಲ್ಲಿದ್ದೆ ಎಂಬುದು ನನಗೆ ಗೊತ್ತು. ಹನ್ನೊಂದು ಪುಟ. ಒಂಬತ್ತು ವರ್ಷದ ಹುಡುಗಿ ಹನ್ನೊಂದು ಪುಟ ಓದಲು ಎಷ್ಟು ಹೊತ್ತು ಬೇಕು ಎಂದು ನಾನು ದೊಡ್ಡವಳಾದ ಮೇಲೆ ಗಡಿಯಾರ ಇಟ್ಟುಕೊಂಡು, ನೆರೆಮನೆಯ ಹುಡುಗಿಗೆ ಪುಸ್ತಕ ಕೊಟ್ಟು ನೋಡಿದ್ದೇನೆ. ಎರಡು ಸಲ ನೋಡಿದ್ದೇನೆ.

ಗಾಳಿ ಜಾಸ್ತಿಯೆಂದು ಲಾರ್ಸೆನ್ ಅಜ್ಜ ಅವತ್ತು ಅರ್ಧ ದಾರಿಯಿಂದಲೇ ತಿರುಗಿ ಬಂದಿದ್ದ. ಕೌದಿ ನೋಡಿ ನಕ್ಕ. ಒಳಗೆ ಆಟವಾಡುತ್ತಿದ್ದೀಯಾ ಎಂದು ಕೇಳಿದ. ಅವ್ವ ಮತ್ತು ಸ್ಮಿತಾ ಮಲಗಿದ್ದಾರೆ ಎಂದೆ. ಇಷ್ಟು ಚಳಿಯಲ್ಲಿ ಮಲಗುವುದೇ ಎಂದ. ಚಳಿಯಿಲ್ಲ, ಒಳಗೆ ಬೆಂಕಿ ಇದೆ ಎಂದೆ. ಅವನ ಮುಖ ನನಗೆ ನೆನಪಿಲ್ಲ, ಕೈ ನೆನಪಿದೆ. ಅವನು ಕೌದಿಯನ್ನು ಕಲ್ಲುಗಳ ಸಮೇತ ಎಳೆದು ಬಿಸಾಕಿ, ಕೋಟು ಹಾಕಿಕೊಂಡೇ ಓಣಿಯೊಳಗೆ ನುಗ್ಗಿದ. ಎಂಬತ್ತರ ಹತ್ತಿರದ ಮುದುಕ. ಅವನ ಬೂಟುಗಳ ತಳ ಒಳಗೆ ಮಾಯವಾದದ್ದು ಕಾಣಿಸಿತು. ಆಮೇಲೆ ಅವೇ ಬೂಟುಗಳು ಹಿಂದಕ್ಕೆ ಬಂದವು, ಕೂಸು ಬಂತು. ಅದನ್ನು ನನ್ನ ಮಡಿಲಿಗೆ ಹಾಕಿ ಅವನು ತಿರುಗಿ ಒಳಗೆ ಹೋದ. ಕೂಸಿನ ಕೆನ್ನೆ ಚೆನ್ನಾಗಿ ಕೆಂಪಗಿತ್ತು. ಎಷ್ಟು ಆರೋಗ್ಯವಾಗಿದೆ ಎಂದು ನನಗನಿಸಿತು. ತಲೆ ಮಾತ್ರ ನಾನು ವಾಲಿಸಿದ ಕಡೆ ವಾಲುತ್ತಿತ್ತು. ಗದ್ದಲ ಕೇಳಿ ಆಯಿ ಸೌಟು ಹಿಡಿದುಕೊಂಡೇ ಓಡಿ ಬಂದಳು, ಕೌದಿ ಎತ್ತಿಕೊಂಡು ಒಳಗೆ ಹೋದಳು. ಇಬ್ಬರು ಮುದುಕರು ಅವ್ವನನ್ನು ಕೌದಿಯ ಮೇಲೆ ಉರುಳಿಸಿ, ಅವನು ಮುಂದಿನಿಂದ ಎಳೆದು ಇವಳು ಹಿಂದಿನಿಂದ ನೂಕಿ, ಹುಲ್ಲಿನ ಮೇಲೆ ತಂದು ಹಾಕಿದರು. ಅವ್ವನ ಮುಖವೂ ಕೆಂಪಗಿತ್ತು. ಬಾಯಿ ತೆರೆದಿತ್ತು. ನನ್ನ ಮಡಿಲಲ್ಲಿ ಕೂಸು ಕೆಮ್ಮಿತು, ಅತ್ತಿತು. ಅವ್ವ ಏಳಲಿಲ್ಲ. ಅಜ್ಜ ಫೋನಿಗೆ ಓಡಿದ. ನಾನು ಕೂಸನ್ನು ಹಿಡಿದುಕೊಂಡು ಕೂತಿದ್ದೆ. ನನಗೆ ಏನೂ ಅನಿಸಲಿಲ್ಲ. ಆಗಲೂ ಅನಿಸಲಿಲ್ಲ, ಆಂಬುಲೆನ್ಸಿನ ಹಿಂದೆ ಅಜ್ಜನ ಕಾರಿನಲ್ಲಿ ಕೂತಾಗಲೂ ಅನಿಸಲಿಲ್ಲ. ಸೀಟಿನ ಬೆಲ್ಟಿನ ಬಕಲು ತಣ್ಣಗಿದ್ದುದು ಗೊತ್ತಾಯಿತು.

ಆಸ್ಪತ್ರೆಗೆ ಅಪ್ಪ ಬಂದು ತಲುಪಲು ಒಂದು ತಾಸಿಗಿಂತ ಹೆಚ್ಚು ಹಿಡಿಯಿತು. ಫ್ರೀವೇಯಲ್ಲಿ ಆ ಹೊತ್ತಿಗೆ ಕಾರುಗಳು ನಿಂತೇ ಇರುತ್ತಿದ್ದವು. ವೈದ್ಯರು ಅವನಿಗೆ ಹೇಳಿದ್ದನ್ನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. ಕೆಂಡದಿಂದ ವಾಸನೆಯಿಲ್ಲದ, ಕಣ್ಣಿಗೆ ಕಾಣದ ಅನಿಲ ಬರುತ್ತದೆ, ಹೊಗೆ ಹೋದ ಮೇಲೂ ಬರುತ್ತಲೇ ಇರುತ್ತದೆ, ಮುಚ್ಚಿದ ಜಾಗದಲ್ಲಿ ಅದು ಕೊಲ್ಲುತ್ತದೆ, ಮುಖ ಕೆಂಪಾದದ್ದೂ ಅದರಿಂದಲೇ. ಕೂಸಿಗೆ ಅಪಾಯವಿಲ್ಲ, ತಾಯಿಯದು ನೋಡಬೇಕು. ಆಯಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಕುರ್ಚಿ ಕೊಟ್ಟರೂ ಕೂಡಲಿಲ್ಲ. ಅಪ್ಪ ಅವಳ ಎದುರಿಗೆ ಹೋಗಿ ನಿಂತ. ಅವನು ಕೂಗುತ್ತಾನೆ ಎಂದುಕೊಂಡೆ. ಅವನು ಕೂಗುವುದಕ್ಕೆ ಮೊದಲೇ ಅವಳು ಮಾತಾಡಿದಳು.

“ನಮ್ಮ ಕಡಿ ಮೋರೇರ ಮನಿಗೆ ಕಲ್ಲಾಗ ಒಂದ ದುಂಡನ ಕಿಂಡಿ ಇರತೈತ್ರಿ. ಯಾಕ ಕೊರದಾರ ಅಂತ ಯಾವತ್ತೂ ಕೇಳಿದ್ದಿಲ್ಲ ನಾ. ಇದಕ್ಕ ಇದ್ದಿಲ್ಲ.”

ಅಪ್ಪ ತನ್ನ ಸ್ವೆಟರು ತೆಗೆದು ಅವಳ ಹೆಗಲಿಗೆ ಹಾಕಿದ. ಆ ವಿಷಯವನ್ನು ಅವರಿಬ್ಬರೂ ಮತ್ತೆ ಎತ್ತಿದ್ದು ನನಗೆ ಗೊತ್ತಿಲ್ಲ.

ಅವ್ವ ಮೂರನೆಯ ದಿನ ಕಣ್ಣು ಬಿಟ್ಟಳು. ಮನೆಗೆ ಬಂದ ಮೇಲೆ ಕೆಲವು ತಿಂಗಳು ಅವಳಿಗೆ ಸಣ್ಣ ಸಣ್ಣ ಸಂಗತಿಗಳು ಮರೆತುಹೋಗುತ್ತಿದ್ದವು. ಸಾರಿಗೆ ಎರಡು ಸಲ ಉಪ್ಪು, ನನ್ನ ಶಾಲೆಯ ಹೆಸರು, ಆಯಿ ಬಂದಿಳಿದ ದಿನ. ದಿಬ್ಬದೊಳಗಿನ ಆ ಮಧ್ಯಾಹ್ನದ ನೆನಪು ಅವಳಿಗೆ ಮರಳುವುದಿಲ್ಲ ಎಂದು ವೈದ್ಯರು ಹೇಳಿದರು. ಅವಳೂ ಯಾವತ್ತೂ ಆ ಮಾತು ಆಡಲಿಲ್ಲ. ಆರು ತಿಂಗಳಿಗೆಂದು ಬಂದಿದ್ದ ಆಯಿ ಆರು ವಾರಕ್ಕೆ ಹೊರಟಳು. ಹೋಗುವ ದಿನ ನನ್ನ ಗಲ್ಲ ಹಿಡಿದು, ನೀ ಕಾಯಕೋತ ಕುಂತಿದ್ದೆಲ್ಲ, ಅದಕ್ಕ ಉಳದ್ರು ಎಂದಳು. ಲಾರ್ಸೆನ್ ಅಜ್ಜ ಒಂದು ದೊಡ್ಡ ಕಲ್ಲನ್ನು ಓಣಿಯ ಬಾಯಿಗೆ ತಂದು ನಿಲ್ಲಿಸಿ ಸುತ್ತ ಜೇಡಿಮಣ್ಣು ಮೆತ್ತಿದ. ಆಮೇಲೆ ಬಂದವರಿಗೆ ಅದನ್ನು ತೋರಿಸಲಿಲ್ಲ. ಮುಂದಿನ ವರ್ಷ ನಾವು ಸ್ಯಾನ್ ರಮೋನಿನ ಅಪಾರ್ಟ್‌ಮೆಂಟಿಗೆ ಹೋದೆವು.

ಆಯಿಯ ಮಾತು ಮನೆಯಲ್ಲಿ ಉಳಿಯಿತು. ಹಬ್ಬಕ್ಕೆ ನಾಲ್ಕು ಮನೆಯವರು ಸೇರಿದಾಗ ಅಪ್ಪ ಆ ಕಥೆ ಹೇಳುತ್ತಿದ್ದ, ನಮ್ಮ ವಿದ್ಯಾ ಬಾಗಿಲಿಗೆ ಕೂತಿದ್ದಳು, ಇವಳಿಂದಲೇ ಮುದುಕನಿಗೆ ಗೊತ್ತಾದದ್ದು ಎಂದು. ಆಂಟಿಗಳು ನನ್ನ ಬೆನ್ನು ಸವರುತ್ತಿದ್ದರು. ನಾನು ತಲೆ ತಗ್ಗಿಸಿ ಹೋಳಿಗೆ ತಿನ್ನುತ್ತಿದ್ದೆ. ಅದನ್ನು ಸಂಕೋಚವೆಂದುಕೊಂಡರು. ಹನ್ನೊಂದು ಪುಟದ ಸಂಗತಿ ನಾನು ಯಾರಿಗೂ ಹೇಳಲಿಲ್ಲ. ಕಾಲೇಜಿನ ಹಾಸ್ಟೆಲಿನಲ್ಲಿ ಮಲಗಿದ ರೂಮ್‌ಮೇಟಿನ ಮೂಗಿನ ಹತ್ತಿರ ಬೆರಳು ಹಿಡಿದು ಸಿಕ್ಕಿಬಿದ್ದಿದ್ದೇನೆ. ಮದುವೆಯಾಗುವ ಮೊದಲೇ ಗಂಡನ ಮನೆಗೆ ಅನಿಲದ ಅಲಾರಮು ಕೊಂಡೊಯ್ದು ಹಾಕಿದ್ದೇನೆ. ಪುಸ್ತಕ ಓದುವಾಗ ಎದುರಿಗೆ ಯಾರಾದರೂ ಮಾತು ನಿಲ್ಲಿಸಿದರೆ ನನ್ನ ಕಣ್ಣು ಆ ಸಾಲಿನಲ್ಲೇ ನಿಂತುಬಿಡುತ್ತದೆ. ಉಳಿದ ಹಾಗೆ ಚೆನ್ನಾಗಿದ್ದೇನೆ. ನಿದ್ದೆ ಬರುತ್ತದೆ, ಊಟ ಸೇರುತ್ತದೆ.

ಈ ವರ್ಷ ಸ್ಮಿತಾಗೆ ಮಗುವಾಯಿತು. ಅವಳ ಮನೆಯೂ ಸ್ಯಾನ್ ರಮೋನಿನಲ್ಲೇ. ಬಾಣಂತನಕ್ಕೆ ಅವ್ವ ಬಂದು ಇದ್ದಾಳೆ, ಆಯಿ ಈಗಿಲ್ಲ. ಅವ್ವ ಅಳವಿ ಪಾಯಸ ಮಾಡುತ್ತಾಳೆ, ಕಿಟಕಿಗೆ ಏನೂ ಕಟ್ಟುವುದಿಲ್ಲ. ವಾರದ ಕೊನೆಗೆ ನಾನು ಹೋಗುತ್ತೇನೆ. ಹೋದಾಗೆಲ್ಲ ಮಲಗಿದ ಮಗುವಿನ ಎದೆಯ ಮೇಲೆ ಕೈಯಿಡುತ್ತೇನೆ. ಸ್ಮಿತಾಗೆ ಸಿಟ್ಟು. “ಸ್ಟಾಪ್ ಹೋವರಿಂಗ್, ಅಕ್ಕಾ. ಶೀ ಈಸ್ ಫೈನ್,” ಎಂದು ನನ್ನನ್ನು ಕೋಣೆಯಿಂದ ಹೊರಗೆ ಕಳಿಸಿದಳು, ಹೋದ ಶನಿವಾರ. ಅವ್ವ ಅಡುಗೆಮನೆಯ ಮೇಜಿನ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಾನೂ ಕೂತು ಒಂದು ಗಡ್ಡೆ ತೆಗೆದುಕೊಂಡೆ. ಹೇಳಬೇಕೆಂದು ಬಂದಿರಲಿಲ್ಲ.

“ಅವ್ವಾ, ಅವತ್ತ ಸ್ಮಿತಾನ ಅಳು ನಿಂತದ್ದು ನನಗ ಗೊತ್ತಾಗಿತ್ತು. ನಾ ಏಳಲಿಲ್ಲ. ಓದಕೋತ ಕುಂತೆ.”

ಅವಳು ಯಾವತ್ತು ಎಂದು ಕೇಳಲಿಲ್ಲ.

“ಎಷ್ಟೊತ್ತು?”

“ಹನ್ನೊಂದು ಪುಟ.”

ಅವಳು ಸುಲಿದ ಎಸಳನ್ನು ಬಟ್ಟಲಿಗೆ ಹಾಕಿದಳು. ಇನ್ನೊಂದನ್ನು ಕೈಗೆತ್ತಿಕೊಂಡಳು.

“ಕೇಳಸ್ತಿತ್ತು ನನಗ,” ಎಂದಳು. “ನೀ ಹಾಳಿ ತಿರುವೋದು. ಕೂಸು ಸುಮ್ಮನಾತು. ಏಳಬೇಕು ಅಂದೆ, ಕೈಕಾಲು ನನ್ನವಲ್ಲ ಅನಸ್ತು. ಕೂಗಬೇಕು ಅಂದೆ. ಅಷ್ಟರಾಗ ಹಾಳಿ ಸಪ್ಪಳ ಕೇಳಸ್ತು. ವಿದ್ಯಾ ಹೊರಗ ಅದಾಳಲ್ಲ ಅಂದು ಕಣ್ಣ ಮುಚ್ಚಿದೆ.”

ಇಷ್ಟು ವರ್ಷ ಅವಳಿಗೆ ನೆನಪಿತ್ತು. ನನ್ನ ಬೆನ್ನು ಸವರುತ್ತಿದ್ದವರ ನಡುವೆ ಅವಳೂ ಕೂತಿರುತ್ತಿದ್ದಳು. ಯಾಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ, ಅವಳೂ ಕೇಳಲಿಲ್ಲ. ನನ್ನ ಬೆರಳುಗಳ ನಡುವೆ ಬೆಳ್ಳುಳ್ಳಿಯ ಸಿಪ್ಪೆ ಅಂಟಿಕೊಂಡಿತ್ತು, ಅದನ್ನು ಬಿಡಿಸುತ್ತಾ ಕೂತೆ. ಒಳಗಿನಿಂದ ಸ್ಮಿತಾ, ಮಗುವನ್ನು ಸ್ವಲ್ಪ ಹೊತ್ತು ಯಾರಾದರೂ ನೋಡಿಕೊಳ್ಳುತ್ತೀರಾ, ನಾನು ಸ್ನಾನ ಮಾಡಿ ಬರುತ್ತೇನೆ ಎಂದು ಇಂಗ್ಲಿಷಿನಲ್ಲಿ ಕೂಗಿದಳು. ನಾನು ಅವ್ವನ ಮುಖ ನೋಡಿದೆ. ಅವಳು ಬಟ್ಟಲಿನಿಂದ ತಲೆ ಎತ್ತಲಿಲ್ಲ.

“ನೀ ಹೋಗು,” ಎಂದಳು.